ಸಿನಿಮಾದ ರೇಸ್ ವಾಹನಗಳು ಚೆನ್ನೈ ಟ್ರ್ಯಾಕ್‌ನಲ್ಲಿ ಓಡಬಲ್ಲವೇ? ಲೆಕ್ಕ ಹೇಳುವುದೇ ಬೇರೆ!

ಚೆನ್ನೈ: ವೈಜ್ಞಾನಿಕ ಕಾಲ್ಪನಿಕ ಸಿನಿಮಾಗಳಲ್ಲಿ ರೇಸ್ ವಾಹನಗಳು ಗಾಳಿಯಲ್ಲಿ ತೇಲುತ್ತವೆ, ಕ್ಷಣಾರ್ಧದಲ್ಲಿ ದಿಕ್ಕು ಬದಲಿಸುತ್ತವೆ. ನಿಜವಾದ ರಸ್ತೆಯಲ್ಲಿ ಇದು ಸಾಧ್ಯವೇ? ಪರೀಕ್ಷಿಸಲು ತ್ರಿಪ್ಲಿಕೇನ್ ಪಕ್ಕದಲ್ಲೇ ಒಂದು ಟ್ರ್ಯಾಕ್ ಇದೆ. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಐಲ್ಯಾಂಡ್ ಗ್ರೌಂಡ್ಸ್ ಸುತ್ತಲಿನ ರಸ್ತೆಗಳಲ್ಲಿ ಫಾರ್ಮುಲಾ 4 ಕಾರುಗಳು ರಾತ್ರಿ ರೇಸ್‌ನಲ್ಲಿ ಓಡಿದವು. ಟ್ರ್ಯಾಕ್‌ನ ಉದ್ದ 3.5 ಕಿ.ಮೀ., ತಿರುವುಗಳು 19. ಅಂದರೆ ಸರಾಸರಿ 185 ಮೀಟರ್‌ಗೊಂದು ತಿರುವು.

ನಿಜಕ್ಕೂ ಓಡಿದ 'ಬುಜ್ಜಿ'

2024ರ ಜೂನ್ 27ರಂದು ತೆರೆಕಂಡ 'ಕಲ್ಕಿ 2898 ಎಡಿ' ಚಿತ್ರದಲ್ಲಿ ಪ್ರಭಾಸ್ ಓಡಿಸುವ 'ಬುಜ್ಜಿ' ಬರೀ ಗ್ರಾಫಿಕ್ಸ್ ಅಲ್ಲ. ಮಹೀಂದ್ರಾ ಕಂಪನಿಯ ಚೆನ್ನೈ ಬಳಿಯ ಸಂಶೋಧನಾ ಕೇಂದ್ರ ಮತ್ತು ಕೊಯಮತ್ತೂರಿನ ಜಯಂ ಆಟೋಮೋಟಿವ್ಸ್ ಅದನ್ನು ನಿಜವಾಗಿ ನಿರ್ಮಿಸಿದವು. ಮಾಜಿ ಫಾರ್ಮುಲಾ 1 ಚಾಲಕ ನಾರಾಯಣ್ ಕಾರ್ತಿಕೇಯನ್ ಕೂಡ ಅದನ್ನು ಓಡಿಸಿ ನೋಡಿದ್ದಾರೆ.

ಇದರ ತೂಕ ಸುಮಾರು 6 ಟನ್, ಶಕ್ತಿ 94 ಕಿಲೋವ್ಯಾಟ್, ಬ್ಯಾಟರಿ 47 ಕಿಲೋವ್ಯಾಟ್ ಅವರ್. ಗಾಳಿಯ ತಡೆ, ಘರ್ಷಣೆ ಏನೂ ಇಲ್ಲ ಎಂದುಕೊಂಡರೂ ಇಷ್ಟು ತೂಕ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಕನಿಷ್ಠ 24 ಸೆಕೆಂಡ್ ಬೇಕು. ಫಾರ್ಮುಲಾ 1 ಕಾರಿಗೆ 3 ಸೆಕೆಂಡ್ ಸಾಕು. ಚೆನ್ನೈ ಟ್ರ್ಯಾಕ್‌ನಲ್ಲಿ ಬುಜ್ಜಿ ವೇಗ ಪಡೆಯುವ ಮುನ್ನವೇ ಮುಂದಿನ ತಿರುವು ಬಂದುಬಿಡುತ್ತದೆ.

ಆದರೆ ಅದರ ಚಕ್ರಗಳ ಜೋಡಣೆ ಸರಿಯಾಗಿದೆ. ಮುಂದೆ ಎರಡು, ಹಿಂದೆ ಒಂದು ಚಕ್ರ. ತ್ರಿಪ್ಲಿಕೇನ್‌ನ ಗಲ್ಲಿಗಳಲ್ಲಿ ಓಡುವ ಆಟೋಗೆ ಮುಂದೆ ಒಂದೇ ಚಕ್ರ. ಹೀಗಾಗಿ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಆಟೋ ಮಗುಚುವ ಅಪಾಯ ಹೆಚ್ಚು. ಬುಜ್ಜಿಯ ವಿನ್ಯಾಸ ಇದಕ್ಕೆ ತದ್ವಿರುದ್ಧ. ಬ್ರಿಟನ್ನಿನ ಮಾರ್ಗನ್ ಕಂಪನಿ ಶತಮಾನದ ಹಿಂದೆಯೇ ಇಂಥ ಮೂರು ಚಕ್ರದ ಕಾರು ತಯಾರಿಸಿತ್ತು. ಗೋಳಾಕಾರದ ಚಕ್ರವೂ ಪೂರ್ತಿ ಕಲ್ಪನೆಯಲ್ಲ: 2016ರಲ್ಲಿ ಗುಡ್‌ಇಯರ್ ಗೋಳಾಕಾರದ ಟೈರ್‌ನ ಮಾದರಿ ತೋರಿಸಿತ್ತು. ಆದರೆ ಅದು ಮಾರುಕಟ್ಟೆಗೆ ಬರಲಿಲ್ಲ.

ಪಾಡ್‌ರೇಸರ್‌ಗೆ ಜಾಗ ಸಾಲದು

1999ರ 'ಸ್ಟಾರ್ ವಾರ್ಸ್' ಚಿತ್ರದ ಬಾಲಕ ಅನಾಕಿನ್‌ನ ಪಾಡ್‌ರೇಸರ್ ವೇಗ ಗಂಟೆಗೆ 947 ಕಿ.ಮೀ. ಎಂದು ಹೇಳಲಾಗುತ್ತದೆ. ನೇರ ದಾರಿಯಲ್ಲಿ ಇಷ್ಟು ವೇಗ ಅಸಾಧ್ಯವೇನಲ್ಲ. ಜೆಟ್ ಎಂಜಿನ್‌ನ ಥ್ರಸ್ಟ್ ಎಸ್‌ಎಸ್‌ಸಿ ಕಾರು 1997ರಲ್ಲೇ ನೆಲದ ಮೇಲೆ ಗಂಟೆಗೆ 1,228 ಕಿ.ಮೀ. ವೇಗ ಮುಟ್ಟಿದೆ.

ಸಮಸ್ಯೆ ಇರುವುದು ತಿರುವಿನಲ್ಲಿ. ಫಾರ್ಮುಲಾ 1 ಚಾಲಕರು ವೇಗದ ತಿರುವುಗಳಲ್ಲಿ ಗುರುತ್ವದ ಸುಮಾರು 5 ಪಟ್ಟು, ಅಂದರೆ 5 ಜಿ ಬಲ ತಾಳಿಕೊಳ್ಳುತ್ತಾರೆ. ಅದೇ ಮಿತಿಯಲ್ಲಿ 947 ಕಿ.ಮೀ. ವೇಗದಲ್ಲಿ ತಿರುಗಲು 1.4 ಕಿ.ಮೀ. ತ್ರಿಜ್ಯದ ತಿರುವು ಬೇಕು. ಅಂಥ ಒಂದು ಯು-ಟರ್ನ್‌ಗೇ 4.4 ಕಿ.ಮೀ. ರಸ್ತೆ ಬೇಕು. ಚೆನ್ನೈನ ಇಡೀ ಟ್ರ್ಯಾಕ್ ಅಷ್ಟು ಉದ್ದವಿಲ್ಲ! ಮೇಲಾಗಿ ನೆಲ ಮುಟ್ಟದ ವಾಹನಕ್ಕೆ ಟೈರ್‌ನ ಹಿಡಿತವೂ ಇರುವುದಿಲ್ಲ.

ಮಿತಿ ಎಂಜಿನ್ ಅಲ್ಲ, ದೇಹ

1982ರ 'ಟ್ರಾನ್' ಚಿತ್ರದ ಬೈಕ್‌ಗಳು ಓಡುತ್ತಲೇ 90 ಡಿಗ್ರಿ ತಿರುಗುತ್ತವೆ. ಕಥೆ ನಡೆಯುವುದು ಕಂಪ್ಯೂಟರ್ ಒಳಗೆ, ಹಾಗಾಗಿ ಅಲ್ಲಿ ನಡೆಯುತ್ತದೆ. ನಿಜವಾದ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ, ಒಂದು ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಸವಾರನ ಮೇಲೆ ಬೀಳುವ ಬಲ ಸುಮಾರು 79 ಜಿ. ವಿಶೇಷ ಉಡುಪು ತೊಟ್ಟ ಯುದ್ಧವಿಮಾನದ ಪೈಲಟ್‌ಗಳೂ ತಾಳಿಕೊಳ್ಳುವುದು 9 ಜಿ ಆಸುಪಾಸು ಮಾತ್ರ.

ಹೀಗಾಗಿ ಸಿನಿಮಾ ವಾಹನ ಎಷ್ಟು ನಂಬಲರ್ಹ ಎಂದು ತಿಳಿಯಲು ಅದರ ಗರಿಷ್ಠ ವೇಗ ನೋಡಿದರೆ ಸಾಲದು. ತೂಕ, ಹಿಡಿತ ಮತ್ತು ತಿರುವಿನ ತ್ರಿಜ್ಯವನ್ನು ನೋಡಬೇಕು. ಈ ಪರೀಕ್ಷೆಯಲ್ಲಿ ರೇಸ್ ಗೆಲ್ಲಲಾಗದಿದ್ದರೂ ನೆಲದ ಮೇಲೆ ಓಡುವ ಬುಜ್ಜಿಯೇ ಉಳಿದೆರಡಕ್ಕಿಂತ ಮುಂದೆ.