ದೇಶಭ್ರಷ್ಟನ ಕಾಗದ, ಹೆಂಡತಿಯ ಆಸ್ತಿ: ಸಿಸೆರೊ ಪತ್ರವೊಂದರ ಮರುಓದು

ಕ್ರಿ.ಪೂ. 58ರ ನವೆಂಬರ್ 25ರಂದು, ದೇಶಭ್ರಷ್ಟನಾಗಿದ್ದ ರೋಮಿನ ರಾಜಕಾರಣಿ ಮಾರ್ಕಸ್ ಟುಲಿಯಸ್ ಸಿಸೆರೊ ಏಡ್ರಿಯಾಟಿಕ್ ಕಡಲ ದಂಡೆಯ ಡಿರಾಕಿಯಂನಿಂದ, ಎಂದರೆ ಇಂದಿನ ಅಲ್ಬೇನಿಯಾದ ಡುರೆಸ್‌ನಿಂದ, ರೋಮಿನಲ್ಲಿದ್ದ ಹೆಂಡತಿ ಟೆರೆನ್ಷಿಯಾಳಿಗೆ ಒಂದು ಕಾಗದ ಕಳಿಸಿದ. ಥೆಸಲೊನಿಕದಲ್ಲಿ ಬರೆಯತೊಡಗಿ ಇಲ್ಲಿಗೆ ಬಂದ ಮೇಲೆ ಮುಗಿಸಿದ ಕಾಗದವದು. ತನ್ನ ಆಸ್ತಿಯೊಂದನ್ನು ಮಾರುವುದಾಗಿ ಆಕೆ ಬರೆದಿದ್ದಳು. ಮಾರಬೇಡವೆಂದು ಅವನು ಅಂಗಲಾಚುತ್ತಾನೆ. ಈ ಸಾಲುಗಳಲ್ಲಿ ಓದುಗರು ಹೆಚ್ಚಾಗಿ ಕಂಡದ್ದು ಅವನ ಕಣ್ಣೀರನ್ನು. ಆದರೆ ಇದು ಮುರಿದುಬಿದ್ದ ಮನೆತನವೊಂದರ ಲೆಕ್ಕಪತ್ರವೂ ಹೌದು, ಆ ಲೆಕ್ಕ ನಿಂತಿದ್ದು ಟೆರೆನ್ಷಿಯಾಳ ಆಸ್ತಿಯ ಮೇಲೆ ಎಂಬುದು ಈ ಲೇಖನದ ವಾದ.

ಕ್ರಿ.ಪೂ. 63ರಲ್ಲಿ ಕಾನ್ಸಲ್, ಎಂದರೆ ರೋಮಿನ ಅತ್ಯುನ್ನತ ಅಧಿಕಾರಿ, ಆಗಿದ್ದಾಗ ಸಿಸೆರೊ ಸರ್ಕಾರ ಉರುಳಿಸಲು ಕ್ಯಾಟಿಲೈನ್ ಹೂಡಿದ ಸಂಚಿನಲ್ಲಿ ಸಿಕ್ಕಿಬಿದ್ದ ಐವರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ್ದ. ಅದನ್ನೇ ಹಿಡಿದು 58ರಲ್ಲಿ ಟ್ರಿಬ್ಯೂನ್ (ಜನಸಾಮಾನ್ಯರ ಪ್ರತಿನಿಧಿ ಅಧಿಕಾರಿ) ಕ್ಲೋಡಿಯಸ್ ಅವನ ವಿರುದ್ಧ ಶಾಸನ ತಂದ. ಮಾರ್ಚ್‌ನಲ್ಲಿ ಸಿಸೆರೊ ಊರು ಬಿಟ್ಟ. ಅವನಿಗೆ ಯಾರೂ ನೀರು, ಬೆಂಕಿ ಕೊಡಕೂಡದೆಂಬ ಬಹಿಷ್ಕಾರ ಬಿತ್ತು, ಆಸ್ತಿ ಮುಟ್ಟುಗೋಲಾಯಿತು. 35 ಲಕ್ಷ ಸೆಸ್ಟರ್ಸ್ ಕೊಟ್ಟು ಕೊಂಡಿದ್ದ ಪ್ಯಾಲಟೈನ್ ಗುಡ್ಡದ ಮನೆಯನ್ನು ಕೆಡವಿದರು. ಟಸ್ಕುಲಂ ಮತ್ತು ಫಾರ್ಮಿಯೇಗಳಲ್ಲಿದ್ದ ತೋಟದ ಮನೆಗಳು ಲೂಟಿಯಾದವು.

ಟೆರೆನ್ಷಿಯಾಳ ಸ್ವಂತ ಆಸ್ತಿಯ ಮಾತು ಬೇರೆ. ಆ ಕಾಲದ ರೋಮಿನಲ್ಲಿ ರೂಢಿಯಾಗಿದ್ದ ವಿವಾಹ ಪದ್ಧತಿಯಲ್ಲಿ ವರದಕ್ಷಿಣೆ ಗಂಡನ ವಶಕ್ಕೆ ಹೋದರೂ ಹೆಂಡತಿಯ ಉಳಿದ ಆಸ್ತಿ ಅವಳದೇ ಆಗಿರುತ್ತಿತ್ತು. ನಮ್ಮ ಸ್ತ್ರೀಧನದ ಕಲ್ಪನೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಆಕೆಗೆ ಕಾಡುಜಮೀನಿತ್ತು, ಸಾರ್ವಜನಿಕ ಭೂಮಿಯ ಅನುಭೋಗವೂ ಇತ್ತು ಎಂಬುದಕ್ಕೆ ಸಿಸೆರೊ 59ರಲ್ಲಿ ಗೆಳೆಯ ಅಟಿಕಸ್‌ಗೆ ಬರೆದ ಪತ್ರಗಳೇ ಸಾಕ್ಷಿ.

ಮಾರಲು ಹೊರಟ ಆಸ್ತಿಗೆ ಸಿಸೆರೊ ಬಳಸಿದ ಲ್ಯಾಟಿನ್ ಪದ ‘ವಿಕುಸ್’. ಅದಕ್ಕೆ ಹಳ್ಳಿ ಎಂಬ ಅರ್ಥವೂ ಇದೆ, ಪಟ್ಟಣದೊಳಗಿನ ಸಾಲುಮನೆಗಳ ಕೇರಿ ಎಂಬ ಅರ್ಥವೂ ಇದೆ. ಅನುವಾದಕರು ಎರಡನ್ನೂ ಒಪ್ಪಿಕೊಂಡು ಬಂದಿದ್ದಾರೆ. ಹಳ್ಳಿಯಾದರೆ ಬೆಳೆಯ ಆದಾಯ, ಕೇರಿಯಾದರೆ ಬಾಡಿಗೆ. ಯಾವುದೇ ಆಗಲಿ, ವರ್ಷ ವರ್ಷವೂ ಹುಟ್ಟುವಳಿ ಕೊಡುವ ಮೂಲವನ್ನೇ ಮಾರುವ ಯೋಚನೆ ಅದು.

ಸಿಸೆರೊ ಒಡ್ಡುವ ತರ್ಕ ಇಲ್ಲಿಂದಲೇ ಹೊರಡುತ್ತದೆ. ಗೆಳೆಯರು ತಮ್ಮ ಕರ್ತವ್ಯ ಮಾಡಿದರೆ ಹಣಕ್ಕೆ ಕೊರತೆಯಾಗದು. ಅವರು ಕೈಬಿಟ್ಟರೆ ಅವಳೊಬ್ಬಳ ಹಣದಿಂದ ಅವನನ್ನು ವಾಪಸು ಕರೆಸುವ ಕೆಲಸ ಕೈಗೂಡದು. ಅಂದಮೇಲೆ ಎರಡೂ ಬಗೆಯಲ್ಲಿ ಮಾರಾಟ ವ್ಯರ್ಥ. ಕ್ರಿ.ಪೂ. 65ರಲ್ಲಿ ಹುಟ್ಟಿದ ಮಗ ಮಾರ್ಕಸ್ ಆಗಿನ್ನೂ ಎಳೆಯ ಹುಡುಗ. ಅವನಿಗೆ ಬಡತನ ತಾಗದಷ್ಟು ಉಳಿದರೆ ಮಿಕ್ಕದ್ದನ್ನು ಸಾಧಾರಣ ಯೋಗ್ಯತೆ, ಸಾಧಾರಣ ಅದೃಷ್ಟದಿಂದಲೇ ಗಳಿಸಿಕೊಂಡಾನು ಎಂಬುದು ತಂದೆಯ ಎಣಿಕೆ. ಅಳು ಉಕ್ಕಿ ಬರೆಯಲಾಗುತ್ತಿಲ್ಲ ಎನ್ನುವವನ ಲೆಕ್ಕ ಎಲ್ಲಿಯೂ ತಪ್ಪಿಲ್ಲ.

57ರ ಆಗಸ್ಟ್ 4ರಂದು ಜನಸಭೆ ಅವನನ್ನು ವಾಪಸು ಕರೆಸುವ ಶಾಸನ ಮಾಡಿತು. ಸೆಪ್ಟೆಂಬರ್ 4ರಂದು ಅವನು ರೋಮಿಗೆ ಕಾಲಿಟ್ಟ. ಪ್ಯಾಲಟೈನ್ ಮನೆಗೆ 20 ಲಕ್ಷ, ಟಸ್ಕುಲಂ ಮನೆಗೆ 5 ಲಕ್ಷ, ಫಾರ್ಮಿಯೇ ಮನೆಗೆ 2.5 ಲಕ್ಷ ಸೆಸ್ಟರ್ಸ್ ಪರಿಹಾರ ನಿಗದಿಯಾಯಿತು. ತೋಟದ ಮನೆಗಳ ಬೆಲೆ ತೀರ ಜುಗ್ಗತನದ್ದೆಂದು ಅವನು ಅಟಿಕಸ್‌ಗೆ ಬರೆದ ಪತ್ರದಲ್ಲಿ ದೂರಿಕೊಂಡ. ಅದೇ ಪತ್ರದಲ್ಲಿ ಟಸ್ಕುಲಂ ಆಸ್ತಿಯನ್ನು ಮಾರಾಟಕ್ಕಿಟ್ಟ ಸುದ್ದಿಯೂ ಇದೆ. ಹೆಂಡತಿಯ ಆಸ್ತಿ ಮಾರುವುದು ಬೇಡವೆಂದವನು ಒಂದು ವರ್ಷದೊಳಗೆ ತನ್ನದನ್ನೇ ಮಾರಲು ಮುಂದಾಗಿದ್ದ. ಕೊನೆಗೆ ಟಸ್ಕುಲಂ ಅವನಲ್ಲೇ ಉಳಿಯಿತು. 45ರಲ್ಲಿ ಅವನು ಬರೆದ ತಾತ್ವಿಕ ಸಂವಾದಗಳಿಗೆ ಆ ಊರಿನ ಹೆಸರೇ ನಿಂತಿತು. ಅಷ್ಟರಲ್ಲಿ ಟೆರೆನ್ಷಿಯಾಳಿಗೆ ವಿಚ್ಛೇದನವಾಗಿತ್ತು.

ಸಿಸೆರೊನ ಪತ್ರಸಂಗ್ರಹದ ಹದಿನಾಲ್ಕನೆಯ ಸಂಪುಟದಲ್ಲಿ ಟೆರೆನ್ಷಿಯಾಳಿಗೂ ಮನೆಯವರಿಗೂ ಬರೆದ 24 ಪತ್ರಗಳಿವೆ. ಆಕೆ ಬರೆದದ್ದು ಒಂದೂ ಉಳಿದಿಲ್ಲ. ಹಾಗಾಗಿ ಆಕೆಯ ಮಾತನ್ನು ಗಂಡನ ಉತ್ತರದೊಳಗಿಂದಲೇ ಹೆಕ್ಕಿಕೊಳ್ಳಬೇಕು. ಹಾಗೆ ಹೆಕ್ಕಿದಾಗ ಸಿಗುವುದು ಇಷ್ಟು: ಗಂಡ ಕಡಲಾಚೆ ಕೈಕಟ್ಟಿ ಕುಳಿತಿದ್ದಾಗ, ಮನೆ ನೆಲಸಮವಾದ ಊರಿನಲ್ಲೇ ನಿಂತು, ತನ್ನದೆಂದು ಉಳಿದಿದ್ದ ಆಸ್ತಿಯನ್ನು ಅವನಿಗಾಗಿ ಮಾರಲು ಆಕೆ ಸಿದ್ಧಳಾಗಿದ್ದಳು. ಸಿಸೆರೊನ ಕಾಗದ ಹುಟ್ಟಿದ್ದೇ ಆಕೆಯ ಆ ನಿರ್ಧಾರದಿಂದ.