ಗೋಡೆಯಿಂದ ಇಳಿಸಿದ ಇಂಕಾ ರಾಜರು

ಸತ್ತು ಇನ್ನೂರು ವರ್ಷದ ಮೇಲಾದ ರಾಜರ ಚಿತ್ರಕ್ಕೆ ಒಂದು ಸರ್ಕಾರ ಹೆದರಿದ ಕಥೆ ಇವತ್ತಿನದು.

ಜಾಗ, ದಕ್ಷಿಣ ಅಮೆರಿಕದ ಪೆರು. 1533ರಲ್ಲಿ ಸ್ಪೇನಿನವರು ಇಂಕಾ ದೊರೆ ಅತಾವಾಲ್ಪನನ್ನು ಕೊಂದರು. 18ನೇ ಶತಮಾನದ ಹೊತ್ತಿಗೆ ಅಲ್ಲಿ ಒಂದು ಬಗೆಯ ಚಿತ್ರ ಬಂತು: ಮೊದಲ ದೊರೆ ಮಾಂಕೊ ಕಾಪಾಕ್‌ನಿಂದ ಹಿಡಿದು ಸಾಲಾಗಿ ಇಂಕಾ ರಾಜರು, ಅವರ ಬೆನ್ನಿಗೇ ಸ್ಪೇನಿನ ರಾಜರು. ಅಂದ್ರೆ ನಾವು ಕಿತ್ಕೊಂಡೋರಲ್ಲ, ವಾರಸುದಾರರು ಅಂತ!

ಆದ್ರೆ ಇಂಕಾ ವಂಶಸ್ಥರೂ ರಾಜರ ಚಿತ್ರಗಳನ್ನು ಮನೆಯಲ್ಲಿ ಇಟ್ಟುಕೊಂಡರು. ಅವರಿಗೆ ಅದು ವಂಶಾವಳಿ. ರಾಜನ ಹಣೆ ಮೇಲೆ ಇಳಿಬಿದ್ದ ಕೆಂಪು ಕುಚ್ಚು ನೋಡಿ, ಅದೇ ಅವರ ಕಿರೀಟ.

1780ರಲ್ಲಿ ಹೋಸೆ ಗಾಬ್ರಿಯೇಲ್ ಕೊಂಡೋರ್ಕಾಂಕಿ, ತಾನು ಇಂಕಾ ವಂಶದವನು ಅಂತ ಹೇಳಿ, ಎರಡನೇ ತುಪಾಕ್ ಅಮಾರು ಅನ್ನೋ ಹೆಸರಲ್ಲಿ ದಂಗೆ ಎದ್ದ. 1781ರ ಮೇ 18ರಂದು ಕುಸ್ಕೋ ಚೌಕದಲ್ಲಿ ಹೆಂಡತಿ, ಮಗನನ್ನು ಅವನ ಕಣ್ಣೆದುರೇ ಕೊಂದು, ಆಮೇಲೆ ಅವನನ್ನೂ ಕೊಂದರು. ಶಿಕ್ಷೆ ಬರೆದ ಸ್ಪೇನಿನ ಅಧಿಕಾರಿ ಅರೆಚೆ ಅಷ್ಟಕ್ಕೇ ಬಿಡಲಿಲ್ಲ. ಇಂಕಾ ಉಡುಪು ಹಾಕಬಾರದು, ಶಂಖ ಊದಬಾರದು, ಹಳೇ ರಾಜರ ನಾಟಕ ಆಡಬಾರದು, ಅವರ ಚಿತ್ರಗಳನ್ನು ತೆಗೀಬೇಕು ಅಂತ ಆಜ್ಞೆ ಮಾಡಿದ.

ಎಲ್ಲವೂ ನಾಶ ಆಗಲಿಲ್ಲ. ಆ ದಂಗೆಗೂ ಮುಂಚಿನದು ಅನ್ನಲಾಗುವ 14 ರಾಜರ ಒಂದು ಸರಣಿ ಇವತ್ತು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಕೊನೆಯವನು ಅತಾವಾಲ್ಪ. ಫೋನಲ್ಲೇ ಹುಡುಕಿ ನೋಡಿ. ಆ ಕೆಂಪು ಕುಚ್ಚು ಮಾತ್ರ ಮಿಸ್ ಮಾಡ್ಬೇಡಿ.