ಸುಂಕದಕಟ್ಟೆಯ ಹೊಸ ಸುಂಕ

ಹೋದ ತಿಂಗಳು ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ನಲ್ಲಿ, ಪೈಪು ಕೊಳ್ಳಲು ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಬಿಲ್ಲು 5,000 ರೂಪಾಯಿ ಆಯಿತು. ಕ್ರೆಡಿಟ್ ಕಾರ್ಡ್ ತೆಗೆದೆ. “ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್” ಎಂದರು ಅಂಗಡಿಯವರು. ಯಾಕೆಂದು ಕೇಳಿದೆ. “ಮಷೀನಿನವರಿಗೆ ಕೊಡ್ಬೇಕಲ್ಲ!” ನೂರು ರೂಪಾಯಿ ಹೆಚ್ಚಿಗೆ ತೆತ್ತು ಹೊರಬಂದಾಗ ಊರಿನ ಹೆಸರು ನನಗೆ ಹೊಸದಾಗಿ ಕೇಳಿಸಿತು.

ಸುಂಕದಕಟ್ಟೆ ಎಂದರೆ ದಾರಿಯಲ್ಲಿ ಸಾಗುವ ಸರಕಿಗೆ ಸುಂಕ ಎತ್ತುವ ಜಾಗ. ಕನ್ನಡಕ್ಕೆ ಇದು ಹಳೆಯ ವ್ಯವಹಾರ. ಚಾಲುಕ್ಯ, ಹೊಯ್ಸಳರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಹೇರು ಹೊತ್ತ ಎತ್ತಿಗೆ ಇಷ್ಟು, ವೀಳ್ಯದೆಲೆಗೆ ಇಷ್ಟು ಎಂಬ ಲೆಕ್ಕವಿತ್ತು. ಆ ಹಣದಲ್ಲಿ ಒಂದು ಪಾಲು ಎಷ್ಟೋ ಸಲ ದೇವಸ್ಥಾನದ ದೀಪಕ್ಕೆ ದತ್ತಿಯಾಗುತ್ತಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರನೇ ಇದ್ದಾನೆ. ಆದರೂ ಜನ ಕಟ್ಟಿದ ಗಾದೆ ಮಾತ್ರ ಖಾರವಾದದ್ದು: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

ಈಗಿನ ಸುಂಕದವನು ಕಟ್ಟೆಯ ಮೇಲೆ ಕೂರುವುದಿಲ್ಲ. 1980ರ ದಶಕದಲ್ಲಿ ನಮ್ಮ ಕೆನರಾ ಬ್ಯಾಂಕು ‘ಕ್ಯಾನ್‌ಕಾರ್ಡ್’ ತಂದಾಗ ಕಾರ್ಡೆಂದರೆ ಅನುಕೂಲಸ್ಥರ ವಸ್ತು. ಅಂಗಡಿಯವರು ಕಾರ್ಡನ್ನು ಕೈಯಂತ್ರದಲ್ಲಿಟ್ಟು, ಮೇಲೆ ಕಾರ್ಬನ್ ಚೀಟಿ ಹಾಕಿ ಎಳೆದರೆ ಉಬ್ಬಿದ ಅಂಕಿಗಳು ಅಚ್ಚಾಗುತ್ತಿದ್ದವು. ಆ ಚೀಟಿ ಬ್ಯಾಂಕಿಗೆ ಹೋಗಬೇಕು, ಆಮೇಲೆ ದುಡ್ಡು. ಈಗ ಅದೇ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಪಾಲುದಾರರು ಮಾತ್ರ ಹಾಗೇ ಇದ್ದಾರೆ: ಅಂಗಡಿಗೆ ಮಷೀನು ಕೊಟ್ಟ ಬ್ಯಾಂಕು, ನಡುವಿನ ಜಾಲ, ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕು. ಅಂಗಡಿಯವರಿಂದ ಕಡಿದ ಹಣ ಈ ಮೂವರಲ್ಲಿ ಹಂಚಿಹೋಗುತ್ತದೆ. ದೊಡ್ಡ ಪಾಲು ಸಾಮಾನ್ಯವಾಗಿ ಕಾರ್ಡು ಕೊಟ್ಟವರದು.

ಈ ಜಾಲಗಳೆಲ್ಲ ಬಹುಕಾಲ ವಿದೇಶದವು. 2012ರಲ್ಲಿ ರುಪೇ ಬಂತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದಾಯಿತು. 2018ರ ಜನವರಿಯಿಂದ, ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ ಅಂಗಡಿಗಳಿಗೆ ಡೆಬಿಟ್ ಕಾರ್ಡಿನ ಶುಲ್ಕ ಶೇ. 0.40 ಮೀರಬಾರದೆಂದು ರಿಸರ್ವ್ ಬ್ಯಾಂಕ್ ಮಿತಿ ಹಾಕಿತು. 2020ರ ಜನವರಿಯಿಂದ ರುಪೇ ಡೆಬಿಟ್ ಮತ್ತು ಯುಪಿಐಗೆ ಆ ಶುಲ್ಕ ಸೊನ್ನೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ಅಂಥ ಮಿತಿಯಿಲ್ಲ. ನನ್ನ ನೂರು ರೂಪಾಯಿ ಹೋದದ್ದು ಅಲ್ಲಿಗೆ.

ಸೊನ್ನೆ ಎಂದರೂ ಲೆಕ್ಕ ಉಳಿಯುತ್ತದೆ. 2025ರ ಜುಲೈನಲ್ಲಿ, ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನ ಬೇಕರಿ, ಬೀಡಾ ಅಂಗಡಿಗಳಲ್ಲಿ ಕ್ಯೂಆರ್ ಚೀಟಿಗಳು ಕೆಳಗಿಳಿದು ‘ನಗದು ಮಾತ್ರ’ ಎಂಬ ಫಲಕಗಳು ಬಂದವು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕೆಂಬುದು ಕಾನೂನು. ತೆರಿಗೆ ತಪ್ಪಿಸುವುದು ಸರಿಯೆಂದು ನಾನು ಹೇಳಲಾರೆ. ಆದರೆ ಹಳೆಯ ಕಟ್ಟೆಯಲ್ಲಿ ವ್ಯಾಪಾರಿಗೆ ಎದುರು ಒಬ್ಬ ಮನುಷ್ಯನಿದ್ದ, ಗೋಗರೆಯಬಹುದಿತ್ತು, ಚೌಕಾಸಿ ಮಾಡಬಹುದಿತ್ತು. ಈಗ ಹಲವು ವರ್ಷಗಳ ಲೆಕ್ಕ ಒಂದೇ ಕಾಗದದಲ್ಲಿ ಬಂದು ಬೀಳುತ್ತದೆ.

ಮೊನ್ನೆ ವಾಷರ್ ಬೇಕೆಂದು ಮತ್ತೆ ಅದೇ ಅಂಗಡಿಗೆ ಹೋದೆ. ಫೋನಿನಿಂದ 20 ರೂಪಾಯಿ ಕಳಿಸಿದೆ. ಮೇಜಿನ ಮೇಲಿನ ಪುಟ್ಟ ಡಬ್ಬ ಕನ್ನಡದಲ್ಲೇ ಹಣ ಬಂತೆಂದು ಕೂಗಿತು. “ಇದಕ್ಕಾದರೂ ಸುಂಕ ಇಲ್ಲವಲ್ಲ” ಎಂದೆ.

“ದುಡ್ಡಿಗಿಲ್ಲ ಸಾರ್” ಎಂದರು ಅವರು, “ಡಬ್ಬಕ್ಕೆ ತಿಂಗಳ ಬಾಡಿಗೆ ಇದೆ.”